ಪಕ್ಕದ ರಾಜ್ಯದಲ್ಲೇ ಮನುಷ್ಯರಿದ್ದರೂ ನಾರ್ನಿಯಾದವರಿಗೆ ಗೊತ್ತಿರಲಿಲ್ಲವೇ?

ಮಂಜಿನಕಾಡು:
ಸಿ. ಎಸ್. ಲೂಯಿಸ್ ಮಕ್ಕಳಿಗಾಗಿ ಬರೆದ, ನಾರ್ನಿಯಾ ಅನ್ನೋ ಮಾಯಾಲೋಕದ ಏಳೂ ಪುಸ್ತಕಗಳನ್ನು ಈಚೆಗೆ ಮತ್ತೆ ಓದಿದೆ. ಚಿಕ್ಕಂದಿನಲ್ಲಿ ಕಣ್ಣಿಗೆ ಬೀಳದಿದ್ದ ತೇಪೆಗಳೆಲ್ಲ ಈಗ ಎದ್ದು ಕಾಣುತ್ತವೆ. ಎಲ್ಲಕ್ಕಿಂತ ದೊಡ್ಡದು ಮನುಷ್ಯರ ವಿಷಯ.

'ದಿ ಲಯನ್, ದಿ ವಿಚ್ ಅಂಡ್ ದಿ ವಾರ್ಡ್‌ರೋಬ್'ನಲ್ಲಿ ಲೂಸಿ ಅನ್ನೋ ಇಂಗ್ಲಿಷ್ ಹುಡುಗಿ ಬೀರುವಿನೊಳಗಿಂದ ನಾರ್ನಿಯಾದ ಹಿಮದ ಕಾಡಿಗೆ ಬರುತ್ತಾಳೆ. ಮಾಟಗಾತಿಯೊಬ್ಬಳು ತಂದ ನೂರು ವರ್ಷದ ಚಳಿಗಾಲ ಅಲ್ಲಿ. ಅವಳನ್ನು ನೋಡಿ ಟಮ್ನಸ್ ಅನ್ನೋ ಫಾನ್‌ನ (ಸೊಂಟದ ಕೆಳಗೆ ಆಡು, ಮೇಲೆ ಮನುಷ್ಯನ ರೂಪ) ಕೈಯಲ್ಲಿದ್ದ ಪೊಟ್ಟಣಗಳೆಲ್ಲ ಬಿದ್ದುಹೋಗುತ್ತವೆ. ಅವನು ಮನುಷ್ಯರನ್ನು ಕಂಡವನೇ ಅಲ್ಲ. ಅವನ ಮನೆಯ ಕಪಾಟಿನಲ್ಲಿ ಒಂದು ಪುಸ್ತಕ ಇದೆ. ಮನುಷ್ಯ ಅನ್ನೋದು ಬರೀ ಕಟ್ಟುಕಥೆಯೇ ಅಂತ ಕೇಳುವ ಪುಸ್ತಕ. ಆಮೇಲೆ ಮಾತನಾಡುವ ಪ್ರಾಣಿ ಬೀವರ್ ರಾಯರು ಕೂಡ ಲೂಸಿ, ಅವಳ ಅಣ್ಣಂದಿರಾದ ಪೀಟರ್, ಎಡ್ಮಂಡ್, ಅಕ್ಕ ಸೂಸನ್ ನಾಲ್ವರಿಗೂ ಅದನ್ನೇ ಹೇಳುತ್ತಾರೆ, ನಿಮ್ಮ ಕುಲದವರು ಇಲ್ಲಿಗೆ ಯಾವತ್ತೂ ಬಂದಿಲ್ಲ ಅಂತ.

ಈಗ 'ದಿ ಮೆಜೀಷಿಯನ್ಸ್ ನೆಫ್ಯೂ' ತೆಗೆಯಿರಿ. ನಾರ್ನಿಯಾ ಹುಟ್ಟಿದ ದಿನವೇ ಅಲ್ಲಿಗೆ ರಾಜ ಆದವನು ಲಂಡನ್ನಿನ ಗಾಡಿ ಹೊಡೆಯುವ ಫ್ರ್ಯಾಂಕ್. ರಾಣಿ ಅವನ ಹೆಂಡತಿ ಹೆಲೆನ್. ಇಬ್ಬರೂ ಅಪ್ಪಟ ಮನುಷ್ಯರು. 'ದಿ ಹಾರ್ಸ್ ಅಂಡ್ ಹಿಸ್ ಬಾಯ್' ನೋಡಿದರೆ ಇನ್ನೂ ಕಷ್ಟ. ನಾರ್ನಿಯಾದ ದಕ್ಷಿಣಕ್ಕೆ ಬೆಟ್ಟ ದಾಟಿದರೆ ಆರ್ಚೆನ್‌ಲ್ಯಾಂಡ್, ಅಲ್ಲಿ ಲ್ಯೂನ್ ರಾಜ. ಮರಳುಗಾಡು ದಾಟಿದರೆ ಕ್ಯಾಲೊರ್ಮೆನ್, ಒಂದಿಡೀ ಸಾಮ್ರಾಜ್ಯ. ಎರಡೂ ಕಡೆ ಊರು ತುಂಬ ಮನುಷ್ಯರೇ. ಈ ಕಥೆ ನಡೆಯೋದು ಅದೇ ನಾಲ್ಕು ಮಕ್ಕಳು ನಾರ್ನಿಯಾ ಆಳುತ್ತಿರುವಾಗ.

ಭವಿಷ್ಯವಾಣಿ ಏನು? ಕೇರ್ ಪ್ಯಾರವೆಲ್ ಕೋಟೆಯ ನಾಲ್ಕು ಸಿಂಹಾಸನಗಳ ಮೇಲೆ ಆದಮನ ಇಬ್ಬರು ಗಂಡುಮಕ್ಕಳು, ಈವಳ ಇಬ್ಬರು ಹೆಣ್ಣುಮಕ್ಕಳು, ಅಂದರೆ ನಾಲ್ವರು ಮನುಷ್ಯರು, ಕೂತರೆ ಮಾಟಗಾತಿಯ ಆಟ ಮುಗಿಯಿತು. ಅಷ್ಟೇ ಆದರೆ ನೂರು ವರ್ಷ ಚಳಿಯಲ್ಲಿ ನಡುಗಿದ್ದೇಕೆ? ಬೆಟ್ಟ ಹತ್ತಿಳಿದು ಆರ್ಚೆನ್‌ಲ್ಯಾಂಡಿನಿಂದ ನಾಲ್ಕು ಜನರನ್ನು ಕರೆದುಕೊಂಡು ಬಂದಿದ್ದರೆ ಆಗುತ್ತಿರಲಿಲ್ವಾ?

'ಮಕ್ಕಳ ಕಥೆ ಕಣ್ರೀ, ಅಷ್ಟೆಲ್ಲ ಕೆದಕಬಾರದು' ಅನ್ನೋ ಉತ್ತರ ಬೇಡ. ಪ್ರೀತಿ ಇರೋದಕ್ಕೇ ಕೆದಕುತ್ತಿರೋದು.

ಪುಸ್ತಕಹುಳು:
ಉತ್ತರ ಪುಸ್ತಕಗಳು ಬಂದ ಕ್ರಮದಲ್ಲೇ ಇದೆ. 'ವಾರ್ಡ್‌ರೋಬ್' 1950. 'ಪ್ರಿನ್ಸ್ ಕ್ಯಾಸ್ಪಿಯನ್' 1951. ಆಮೇಲೆ ವರ್ಷಕ್ಕೊಂದರಂತೆ 1956ರ 'ಲಾಸ್ಟ್ ಬ್ಯಾಟಲ್' ತನಕ. 'ಹಾರ್ಸ್' ಬಂದದ್ದು 1954ರಲ್ಲಿ, 'ನೆಫ್ಯೂ' 1955ರಲ್ಲಿ. ಮೊದಲ ಪುಸ್ತಕ ಬರೆಯುವಾಗ ಲೂಯಿಸ್‌ಗೆ ಎರಡನೆಯದು ಬರುತ್ತದೆ ಅಂತಲೇ ಗೊತ್ತಿರಲಿಲ್ಲ. ಓದುವ ಕ್ರಮದ ಬಗ್ಗೆ ತಾಯಿಯ ಜೊತೆ ವಾದ ಮಾಡುತ್ತಿದ್ದ ಒಬ್ಬ ಅಮೆರಿಕನ್ ಹುಡುಗನಿಗೆ 1957ರಲ್ಲಿ ಬರೆದ ಕಾಗದದಲ್ಲಿ ಅವರೇ ಇದನ್ನು ಹೇಳಿದ್ದಾರೆ. ಮೂರನೆಯದು ಮುಗಿದಾಗ ಇದೇ ಕೊನೆಯದು ಅಂತ ಗ್ಯಾರಂಟಿ ಅಂದುಕೊಂಡಿದ್ದರಂತೆ!

ಅವರ ಹತ್ತಿರ ಮೊದಲು ಇದ್ದದ್ದು ಒಂದು ಚಿತ್ರ ಮಾತ್ರ. ಹಿಮದ ಕಾಡಿನಲ್ಲಿ ಕೊಡೆ ಹಿಡಿದು, ಪೊಟ್ಟಣ ಹೊತ್ತು ಹೋಗುತ್ತಿರುವ ಫಾನ್. ಹದಿನಾರು ವರ್ಷದವರಿದ್ದಾಗ ತಲೆಯಲ್ಲಿ ಕೂತದ್ದು. ನಲವತ್ತರ ಹೊತ್ತಿಗೆ ಅದರಿಂದ ಕಥೆ ಮಾಡಲು ಕೂತರು. ನಕ್ಷೆ, ವಂಶಾವಳಿ ಎಲ್ಲ ಇಟ್ಟುಕೊಂಡು ಶುರು ಮಾಡಿದ ಲೋಕ ಅಲ್ಲ ಇದು.

'ಡಾನ್ ಟ್ರೆಡರ್' ನೋಡಿ. ದೂರದ ಲೋನ್ ದ್ವೀಪಗಳು ನಾರ್ನಿಯಾದ ಕೈಗೆ ಹೇಗೆ ಬಂದವು ಅನ್ನೋ ಮಾತು ಬಂದಾಗ ಲೂಯಿಸ್ ಆವರಣದೊಳಗೆ ಓದುಗರಿಗೆ ಹೇಳುತ್ತಾರೆ: ನನಗೂ ಗೊತ್ತಿಲ್ಲ, ಗೊತ್ತಾಗಿ ಕಥೆ ಚೆನ್ನಾಗಿದ್ದರೆ ಬೇರೆ ಪುಸ್ತಕದಲ್ಲಿ ಹಾಕುತ್ತೇನೆ ಅಂತ. ಮಾತು ಉಳಿಸಿಕೊಂಡರು ಕೂಡ. 'ಲಾಸ್ಟ್ ಬ್ಯಾಟಲ್'ನಲ್ಲಿ ಜ್ಯೂವೆಲ್ ಅನ್ನೋ ಒಂಟಿಕೊಂಬಿನ ಕುದುರೆ ಜಿಲ್‌ಗೆ ಅದನ್ನು ಹೇಳುತ್ತದೆ. ಗೇಲ್ ರಾಜ ಡ್ರ್ಯಾಗನ್ ಕೊಂದು ದ್ವೀಪದವರನ್ನು ಉಳಿಸಿದ, ಅದಕ್ಕೆ ಪ್ರತಿಯಾಗಿ ಅವರು ದ್ವೀಪಗಳನ್ನೇ ಅವನಿಗೆ ಕೊಟ್ಟರು.

ತಕರಾರು ತಿಮ್ಮ:
ಹುಳು ಸರ್, ನೀವು ಹೇಳಿದ್ದು ಲೇಖಕರ ಕಥೆ. ಅವರು ಕೇಳಿದ್ದು ನಾರ್ನಿಯಾದ ಕಥೆ. 'ಬರೆಯುವಾಗ ಹೊಳೆದಿರಲಿಲ್ಲ' ಅಂದರೆ ತಪ್ಪಾಗಿದೆ ಅಂತ ಅರ್ಥ, ತಪ್ಪು ಸರಿಹೋಯಿತು ಅಂತ ಅಲ್ಲ.

ಒಂದು ಎಕ್ಸ್‌ಟ್ರಾ ಪುರಾವೆ ಕೊಡುತ್ತೇನೆ. ಮನುಷ್ಯರನ್ನೇ ಕಾಣದ ಟಮ್ನಸ್ ಇದ್ದಾನಲ್ಲ, ಅದೇ ಟಮ್ನಸ್ 'ಹಾರ್ಸ್'ನಲ್ಲಿ ಕ್ಯಾಲೊರ್ಮೆನ್ನಿನ ರಾಜಧಾನಿ ತಾಶ್‌ಬಾನ್‌ನಲ್ಲೇ ಇದ್ದಾನೆ. ಸುತ್ತ ಸಾವಿರಾರು ಮನುಷ್ಯರು. ಸೂಸನ್ನಳನ್ನು ಹಡಗಿನಲ್ಲಿ ಪಾರು ಮಾಡುವ ಉಪಾಯ ಹೇಳಿಕೊಡೋದೂ ಅವನೇ. ಆ ಪುಸ್ತಕವನ್ನು ಕಪಾಟಿನಿಂದ ತೆಗೆದು ಎಸೆದನೋ ಇಲ್ಲವೋ!

ರಾತ್ರಿಓದು:
ನಾರ್ನಿಯಾದ ಒಳಗಿನಿಂದಲೇ ಉತ್ತರ ಇದೆ ಅನ್ಸುತ್ತೆ. ಮಾಟಗಾತಿಯ ಆಡಳಿತ ಹೇಗಿತ್ತು ಅಂತ ನೆನಪು ಮಾಡಿಕೊಳ್ಳಿ. ಗುಪ್ತ ಪೊಲೀಸ್ ಇದೆ, ಅದರ ಮುಖ್ಯಸ್ಥ ಮಾಗ್ರಿಮ್ ಅನ್ನೋ ತೋಳ. ಮರಗಳಲ್ಲೂ ಕೆಲವು ಅವಳ ಕಡೆ ಕಿವಿ. ಟಮ್ನಸ್ ಸ್ವತಃ ಅವಳ ಸಂಬಳ ತಿನ್ನುತ್ತಿದ್ದವನು, ಮನುಷ್ಯರು ಸಿಕ್ಕರೆ ಹಿಡಿದುಕೊಡಬೇಕು ಅಂತ ಅವನಿಗೆ ಆಜ್ಞೆ.

ಮನುಷ್ಯರು ಬಂದರೆ ತನ್ನ ಕಥೆ ಮುಗಿಯಿತು ಅಂತ ಗೊತ್ತಿರುವವಳು ಮೊದಲು ಮಾಡುವ ಕೆಲಸ ಏನು? ಮನುಷ್ಯರೇ ಇಲ್ಲ, ಎಲ್ಲ ಹಳೇ ಅಜ್ಜಿಕಥೆ ಅಂತ ಜನರನ್ನು ನಂಬಿಸೋದು. ಟಮ್ನಸ್‌ನ ಕಪಾಟಿನ ಪುಸ್ತಕ ನನಗೆ ಸರ್ಕಾರಿ ಪ್ರಚಾರದ ಪುಸ್ತಕದ ಹಾಗೆ ಕಾಣುತ್ತದೆ. ನೂರು ವರ್ಷ ಅಂದರೆ ಮೂರು ನಾಲ್ಕು ತಲೆಮಾರು. ಬೆಟ್ಟದ ದಾರಿ ಹಿಮದಲ್ಲಿ ಮುಚ್ಚಿಹೋಗಿದ್ದರೆ ಸಾಕು, ಪಕ್ಕದ ರಾಜ್ಯ ಕೂಡ ಪುರಾಣ ಆಗುತ್ತದೆ.

ಮಂಜಿನಕಾಡು:
ಇದು ಚೆನ್ನಾಗಿದೆ. ಆದರೆ ಬೀವರ್ ರಾಯರು ಅವಳ ಕಡೆಯವರಲ್ಲ. ಅವರಿಗೆ ನಾರ್ನಿಯಾವನ್ನು ಸೃಷ್ಟಿಸಿದ ಸಿಂಹ ಅಸ್ಲಾನ್ ಬರುವುದು ಗೊತ್ತು, ಹಳೇ ಪದ್ಯಗಳು ಬಾಯಿಪಾಠ. ಅವರೂ ಅದನ್ನೇ ಹೇಳುತ್ತಾರಲ್ಲ?

ಕಾಲಗಣಕ:
ಇಸವಿ ಇಟ್ಟುಕೊಂಡು ನೋಡೋಣ. ಲೂಯಿಸ್ ನಾರ್ನಿಯಾದ ಇತಿಹಾಸದ ಒಂದು ಪಟ್ಟಿ ಬರೆದಿಟ್ಟಿದ್ದರು. ಅವರು ತೀರಿಕೊಂಡ ಮೇಲೆ, ಅವರ ಬರಹಗಳನ್ನು ನೋಡಿಕೊಳ್ಳುತ್ತಿದ್ದ ವಾಲ್ಟರ್ ಹೂಪರ್ ಅದನ್ನು ಪ್ರಕಟಿಸಿದರು. ಅದರ ಪ್ರಕಾರ ನಮ್ಮ 1900, ನಾರ್ನಿಯಾದ 1ನೇ ವರ್ಷ. 898ರಲ್ಲಿ ಮಾಟಗಾತಿ ನಾರ್ನಿಯಾಕ್ಕೆ ವಾಪಸು ಬರುತ್ತಾಳೆ. 900ರಲ್ಲಿ ಚಳಿಗಾಲ ಶುರು. 1000ದಲ್ಲಿ ಮಕ್ಕಳು ಬರುತ್ತಾರೆ.

ಅಂದರೆ ಅವಳಿಗೆ ಮುಂಚೆ ಹೆಚ್ಚೂ ಕಡಿಮೆ ಒಂಬೈನೂರು ವರ್ಷ ಅಲ್ಲಿ ಫ್ರ್ಯಾಂಕನ ವಂಶದವರು ಇದ್ದರು. ಗೇಲ್ ರಾಜನ ಡ್ರ್ಯಾಗನ್ ಕಥೆ 302ರದ್ದು. ಒಂಬೈನೂರು ವರ್ಷದ ರಾಜರು ನೂರೇ ವರ್ಷದಲ್ಲಿ ಒಬ್ಬರಿಗೂ ನೆನಪಿಲ್ಲದ ಹಾಗೆ ಅಳಿಸಿಹೋದರು ಅನ್ನೋದು ಜೀರ್ಣ ಆಗೋದು ಕಷ್ಟ. ಎಷ್ಟೇ ಗಟ್ಟಿ ಪೊಲೀಸ್ ಇದ್ದರೂ.

ಇನ್ನೂ ಮಜಾ ಇದೆ. 'ನೆಫ್ಯೂ'ವಿನ ಕೊನೆಯಲ್ಲಿ ಫ್ರ್ಯಾಂಕ್ ಮತ್ತು ಹೆಲೆನ್ ಅವರ ಎರಡನೇ ಮಗ ಆರ್ಚೆನ್‌ಲ್ಯಾಂಡಿನ ರಾಜ ಆದ ಅಂತ ಇದೆ. ಪಟ್ಟಿಯಲ್ಲಿ? 180ನೇ ವರ್ಷ, ಐದನೇ ಫ್ರ್ಯಾಂಕನ ಕಿರಿಯ ಮಗ ಕೋಲ್ ಅಲ್ಲಿಗೆ ಹೋಗಿ ಮೊದಲ ರಾಜ ಆದ, ಅದಕ್ಕೂ ಮುಂಚೆ ಅಲ್ಲಿ ಯಾರೂ ವಾಸವಿರಲಿಲ್ಲ ಅಂತ. ಒಬ್ಬರೇ ಲೇಖಕರು, ಒಂದೇ ರಾಜ್ಯ, ಇಬ್ಬರು ಮೊದಲ ರಾಜರು.

ಅಜ್ಜಿಕಥೆ:
ನೀವೆಲ್ಲ ರಾಜರ ಹಿಂದೆ ಬಿದ್ದಿದ್ದೀರಿ. ನನ್ನ ತಲೆ ತಿನ್ನೋದು ಬೀವರಮ್ಮನ ಅಡುಗೆಮನೆ!

ನೂರು ವರ್ಷ ಬರೀ ಹಿಮ. ಒಂದು ಬೆಳೆ ಇಲ್ಲ, ಒಂದು ಹಣ್ಣಿಲ್ಲ. ಮಕ್ಕಳು ಬೀವರ್ ಮನೆಗೆ ಹೋದಾಗ ಊಟಕ್ಕೆ ಏನೇನಿತ್ತು ನೋಡಿ. ಮೀನು ಸರಿ, ಬೀವರ್ ರಾಯರು ಮಂಜುಗಡ್ಡೆಯಲ್ಲಿ ತೂತು ಮಾಡಿ ಹಿಡಿದದ್ದು ನಮ್ಮ ಕಣ್ಣೆದುರೇ. ಆದರೆ ಬೇಯುತ್ತಿದ್ದ ಆಲೂಗಡ್ಡೆ? ಮೇಜಿನ ನಡುವೆ ಹಳದಿ ಬೆಣ್ಣೆಯ ದೊಡ್ಡ ಮುದ್ದೆ? ಮಕ್ಕಳಿಗೆ ಕೆನೆಹಾಲು? ಹಾಲು ಕರೆಯೋದು ಯಾವ ಹಸುವಿನದು, ಆ ಹಸು ಮೇಯೋದು ಏನು? ಕೊನೆಗೆ ಒಲೆಯಿಂದ ಬಿಸಿಬಿಸಿ ಮಾರ್ಮಲೇಡ್ ರೋಲ್ ಬರುತ್ತದೆ. ಮಾರ್ಮಲೇಡ್ ಅಂದರೆ ಕಿತ್ತಳೆ! ನೂರು ವರ್ಷದ ಹಿಮದಲ್ಲಿ ಕಿತ್ತಳೆ! ಟಮ್ನಸ್‌ನ ಮನೆಯಲ್ಲೂ ಅಷ್ಟೇ. ಮೊಟ್ಟೆ, ಸಾರ್ಡೀನ್ ಮೀನು, ಜೇನು, ಸಕ್ಕರೆ ಬಳಿದ ಕೇಕ್.

ಇನ್ನು ಆ ಹೊಲಿಗೆ ಯಂತ್ರ. ಬಾಗಿಲು ತೆಗೆದ ತಕ್ಷಣ ಕಾಣೋದೇ ಬೀವರಮ್ಮ ಬಾಯಲ್ಲಿ ದಾರ ಕಚ್ಚಿಕೊಂಡು ಅದರ ಮುಂದೆ ಕೂತಿರೋದು. ತೋಳಗಳು ಬೆನ್ನ ಹಿಂದೆ ಬಂದರೂ 'ಯಂತ್ರ ಹೊತ್ತುಕೊಂಡು ಹೋಗೋಕೆ ಆಗಲ್ವಾ' ಅಂತ ಅವರ ಚಿಂತೆ. ಕತ್ತಿ, ಬಿಲ್ಲು, ಬಾಣದ ಲೋಕದಲ್ಲಿ ಅದನ್ನು ಮಾಡಿದವರು ಯಾರು?

ರಾತ್ರಿಓದು:
ಅಕ್ಕಾ, ಆರ್ಚೆನ್‌ಲ್ಯಾಂಡಿನಿಂದ ವ್ಯಾಪಾರ ಇತ್ತು ಅಂತ ಇಟ್ಟುಕೊಂಡರೆ ಆಲೂಗಡ್ಡೆ, ಕಿತ್ತಳೆ ಎಲ್ಲದಕ್ಕೂ ದಾರಿ ಸಿಗುತ್ತೆ. ಚಳಿ ನಾರ್ನಿಯಾಕ್ಕೆ ಮಾತ್ರ ತಾನೇ? ಹೊಲಿಗೆ ಯಂತ್ರ ಕುಬ್ಜರ ಕೈಕೆಲಸ ಇರಬೇಕು, ಲೋಹದ ಕೆಲಸದಲ್ಲಿ ಅವರನ್ನು ಮೀರಿಸಿದವರಿಲ್ಲ.

ತಕರಾರು ತಿಮ್ಮ:
ಸಿಕ್ಕಿಬಿದ್ರಿ! ಸ್ವಲ್ಪ ಮುಂಚೆ ನೀವೇ ಬೆಟ್ಟದ ದಾರಿ ಹಿಮದಲ್ಲಿ ಮುಚ್ಚಿತ್ತು ಅಂದ್ರಿ. ಈಗ ಅದೇ ದಾರಿಯಲ್ಲಿ ಕಿತ್ತಳೆ ಬರ್ತಿದೆ. ದಾರಿ ತೆರೆದಿದ್ದರೆ ಮಾರ್ಮಲೇಡ್ ಸಿಗುತ್ತೆ, ಆದರೆ ಮಾರುವವನು ಮನುಷ್ಯ ಅನ್ನೋದೂ ಗೊತ್ತಾಗುತ್ತೆ. ದಾರಿ ಮುಚ್ಚಿದ್ದರೆ ಮನುಷ್ಯರು ಕಟ್ಟುಕಥೆ ಆಗ್ತಾರೆ, ಆದರೆ ಬೀವರಮ್ಮನ ಮನೆಯಲ್ಲಿ ಮೀನು ಬಿಟ್ಟರೆ ಬೇರೇನೂ ಬೇಯಲ್ಲ. ಎರಡರಲ್ಲಿ ಒಂದು ಆರಿಸಿಕೊಳ್ಳಿ.

ರಾತ್ರಿಓದು:
ಮಾತನಾಡುವ ಪ್ರಾಣಿಗಳೇ ಕದ್ದು ಸಾಗಿಸ್ತಿದ್ದವು ಅಂತ ಇಟ್ಟುಕೊಳ್ಳಿ. ಹಕ್ಕಿಗಳಿಗೆ ಬೆಟ್ಟ ಏನು ಲೆಕ್ಕ?

ತಕರಾರು ತಿಮ್ಮ:
ಆಲೂಗಡ್ಡೆ ಮೂಟೆ ಹೊತ್ತ ರಾಬಿನ್ ಹಕ್ಕಿ. ಸರಿ, ಮುಂದೆ.

ಪುಸ್ತಕಹುಳು:
ಅಜ್ಜಿಕಥೆಯವರ ಪ್ರಶ್ನೆಗೆ ಇನ್ನೊಂದು ಕಡೆಯಿಂದ ನೋಡಬೇಕು. ಪುಸ್ತಕ ಬಂದ 1950ರಲ್ಲಿ ಬ್ರಿಟನ್ನಿನಲ್ಲಿ ಇನ್ನೂ ರೇಷನ್ ಇತ್ತು. ಸಿಹಿತಿಂಡಿಯ ಮೇಲಿನ ರೇಷನ್ ಹೋದದ್ದು 1953ರಲ್ಲಿ, ಪೂರ್ತಿ ಮುಗಿದದ್ದು 1954ರಲ್ಲಿ. ಬೆಣ್ಣೆ ಎಷ್ಟು ಬೇಕಾದರೂ ತೆಗೆದುಕೊಳ್ಳಬಹುದು ಅನ್ನೋ ಮೇಜು ಆಗಿನ ಮಕ್ಕಳಿಗೆ ಮಾತನಾಡುವ ಸಿಂಹಕ್ಕಿಂತ ದೊಡ್ಡ ಮಾಯೆ. ಮಾಟಗಾತಿ ಕೊಟ್ಟ ಟರ್ಕಿಷ್ ಡಿಲೈಟ್ ಅನ್ನೋ ಸಿಹಿತಿಂಡಿಗೆ ಎಡ್ಮಂಡ್ ಅಣ್ಣ, ಅಕ್ಕ, ತಂಗಿಯನ್ನೇ ಮಾರಿಕೊಂಡದ್ದು ಕೂಡ ಆ ಕಾಲದವರಿಗೆ ಬೇಗ ಅರ್ಥ ಆಗಿರುತ್ತದೆ.

ಮಂಜಿನಕಾಡು:
ಎಲ್ಲರ ಮಾತು ಓದಿದ ಮೇಲೆ ನಾನು ಒಂದು ನಿಯಮ ಹಿಡಿದುಕೊಂಡಿದ್ದೇನೆ. ಕಥೆ ಹೇಳುವವರ ಮಾತು ಬೇರೆ, ಕಥೆಯೊಳಗಿನವರ ಮಾತು ಬೇರೆ. ಒಳಗಿನವರು ತಪ್ಪು ತಿಳಿದುಕೊಂಡಿರಬಹುದು, ಸುಳ್ಳು ಹೇಳಬಹುದು. ಹೇಳುವವರಿಗೆ ಆ ರಿಯಾಯಿತಿ ಇಲ್ಲ.

ಹೀಗೆ ನೋಡಿದರೆ ಎಷ್ಟೋ ಗಂಟು ಬಿಡುತ್ತದೆ. 'ಮನುಷ್ಯರು ಬಂದೇ ಇಲ್ಲ' ಅಂದದ್ದು ಬೀವರ್ ರಾಯರು. ಅಣೆಕಟ್ಟು ಕಟ್ಟಿಕೊಂಡಿರುವ ಪ್ರಾಣಿ, ಇತಿಹಾಸದ ಮೇಷ್ಟ್ರಲ್ಲ. ಮಾಟಗಾತಿಯ ಹುಟ್ಟಿನ ವಿಷಯ ಕೂಡ ಹೀಗೇ. ಬೀವರ್ ರಾಯರ ಪ್ರಕಾರ ಅವಳು ಆದಮನ ಮೊದಲ ಹೆಂಡತಿ ಲಿಲಿತ್‌ಳ ಕುಲ, ಇನ್ನೊಂದು ಕಡೆಯಿಂದ ರಾಕ್ಷಸರ ಕುಲ. 'ನೆಫ್ಯೂ'ವಿನಲ್ಲಿ ನೋಡಿದರೆ ಅವಳು ಜೇಡಿಸ್, ಚಾರ್ನ್ ಅನ್ನೋ ಬೇರೆಯೇ ಲೋಕದ ಕೊನೆಯ ರಾಣಿ. ರಾಯರು ಊರ ಮಾತು ಹೇಳಿದರು ಅಂದುಕೊಂಡರೆ ಜಗಳವೇ ಇಲ್ಲ. ಆರ್ಚೆನ್‌ಲ್ಯಾಂಡಿನ ಮೊದಲ ರಾಜ ಯಾರು? ಪುಸ್ತಕದಲ್ಲಿ ಅಚ್ಚಾದದ್ದೇ ಲೆಕ್ಕ. ಪಟ್ಟಿಯನ್ನು ಲೂಯಿಸ್ ತಾವಾಗಿ ಪ್ರಕಟಿಸಲಿಲ್ಲವಲ್ಲ.

ಈ ಜರಡಿಯಲ್ಲಿ ಉಳಿಯೋದು ಹೇಳುವವರೇ ಕಣ್ಣಾರೆ ತೋರಿಸಿದ್ದು ಮಾತ್ರ. ಆಲೂಗಡ್ಡೆ, ಹೊಲಿಗೆ ಯಂತ್ರ, ಮಕ್ಕಳಿಗೆ ಉಡುಗೊರೆ ತರುವ ಕ್ರಿಸ್‌ಮಸ್ ತಾತ.

ತಕರಾರು ತಿಮ್ಮ:
ನಿಮ್ಮ ಜರಡಿಯಲ್ಲೇ ಇನ್ನೊಂದು ದೊಡ್ಡ ಕಲ್ಲು ಸಿಗುತ್ತೆ, ತೆಗೀರಿ ನೋಡೋಣ.

'ವಾರ್ಡ್‌ರೋಬ್'ನಲ್ಲಿ ಮಾಟಗಾತಿ ಎಡ್ಮಂಡ್‌ನನ್ನು ಮೊದಲ ಸಲ ನೋಡಿದಾಗ ಏನು ಕೇಳುತ್ತಾಳೆ? ನೀನು ಏನು, ಗಡ್ಡ ಬೋಳಿಸಿಕೊಂಡು ಅತಿಯಾಗಿ ಬೆಳೆದ ಕುಬ್ಜನಾ ಅಂತ. ಅವಳಿಗೆ ಮನುಷ್ಯರ ಹುಡುಗನ ಗುರುತೇ ಸಿಗಲಿಲ್ಲ! ಇದೇ ಜೇಡಿಸ್ 'ನೆಫ್ಯೂ'ವಿನಲ್ಲಿ ಲಂಡನ್ನಿಗೇ ಬಂದಿದ್ದಳು. ಆ ಕಥೆಯ ಮಕ್ಕಳು ಡಿಗೊರಿ, ಪಾಲಿ ಇಬ್ಬರನ್ನೂ ನೋಡಿದ್ದಳು. ಬಾಡಿಗೆ ಗಾಡಿಯ ನೆತ್ತಿಯ ಮೇಲೆ ನಿಂತು ಬೀದಿಯಲ್ಲಿ ರಂಪ ಮಾಡಿದ್ದಳು. ದೀಪದ ಕಂಬದ ಸರಳು ಕಿತ್ತು ಪೊಲೀಸರಿಗೆ ಬಡಿದಿದ್ದಳು. ಅದೇ ಸರಳನ್ನು ಅಸ್ಲಾನ್ ಮೇಲೆ ಎಸೆದದ್ದಕ್ಕೇ ನಾರ್ನಿಯಾದ ಕಾಡಿನಲ್ಲಿ ದೀಪದ ಕಂಬ ಬೆಳೆದದ್ದು. ಇಷ್ಟೆಲ್ಲ ಆದಮೇಲೆ 'ನೀನು ಏನು' ಅಂದ್ರೆ?

ನಾಟಕ ಮಾಡಿದಳು ಅಂತೀರಾ? ಹುಡುಗ ಬಾಗಿಲಿನಿಂದ ಬಂದೆ ಅಂದ ತಕ್ಷಣ ಅವಳು ತನ್ನಷ್ಟಕ್ಕೆ ತಾನೇ ಗೊಣಗಿಕೊಳ್ಳುತ್ತಾಳೆ. ಮನುಷ್ಯರ ಲೋಕದಿಂದ ಬಾಗಿಲು, ಇಂಥದ್ದರ ಬಗ್ಗೆ ಕೇಳಿದ್ದೇನೆ ಅಂತ. ಬರೀ ಕೇಳಿದ್ದಾಳಂತೆ! ಅವನಿಗೆ ಕೇಳಿಸಲಿ ಅಂತ ಆಡಿದ ಮಾತಲ್ಲ ಅಂತ ಹೇಳುವವರೇ ಬರೆದಿದ್ದಾರೆ. ತನ್ನ ಹತ್ತಿರ ತಾನೇ ಯಾಕೆ ನಾಟಕ ಮಾಡಬೇಕು?

ಅಜ್ಜಿಕಥೆ:
ಅಯ್ಯೋ, ಇಷ್ಟು ಸಲ ಓದಿದರೂ ಇದು ಹೊಳೆದೇ ಇರಲಿಲ್ಲ ನೋಡಿ.

ಕಾಲಗಣಕ:
ಅರ್ಧ ಉತ್ತರ ನನ್ನ ಹತ್ತಿರ ಇದೆ. ಜೇಡಿಸ್ ಯಾವ ಬಾಗಿಲನ್ನೂ ದಾಟಿದವಳಲ್ಲ. ಅವಳು ಲೋಕದಿಂದ ಲೋಕಕ್ಕೆ ಹೋದದ್ದು ಮಾಯದ ಉಂಗುರದಿಂದ. ಅದೂ ಅವಳ ಬೆರಳಲ್ಲಿ ಇರಲಿಲ್ಲ, ಉಂಗುರ ಮುಟ್ಟಿದ ಮಕ್ಕಳನ್ನು ಹಿಡಿದುಕೊಂಡು ಜೊತೆಗೆ ಬಂದದ್ದು. ನಡುವೆ ಸಿಗುವ ಜಾಗ ಆ ಕೊಳಗಳ ಕಾಡು, ಲೋಕಗಳ ನಡುವಿನ ಕಾಡು. ಆ ಕಾಡಿನ ಬಗ್ಗೆ ಜೇಡಿಸ್ ಆಮೇಲೆ ಒಂದು ಮಾತೂ ಆಡುವುದಿಲ್ಲ. ಅವಳ ಮನಸ್ಸಿನ ಜಾಯಮಾನಕ್ಕೆ ಅಷ್ಟು ಶಾಂತವಾದ ಜಾಗದ ನೆನಪೇ ಉಳಿಯೋದಿಲ್ಲ ಅಂತ 'ನೆಫ್ಯೂ'ವಿನಲ್ಲಿ ಲೂಯಿಸ್ ಬರೆದಿದ್ದಾರೆ. ಎಷ್ಟು ಸಲ ಕರೆದುಕೊಂಡು ಹೋದರೂ ಅಷ್ಟೇ.

ಹಾಗಾಗಿ ನಡುದಾರಿಯ ನೆನಪು ಅವಳಿಗಿಲ್ಲ. ಒಂದು ಲೋಕದಿಂದ ನೇರ ಇನ್ನೊಂದಕ್ಕೆ ತೆರೆಯುವ ಬಾಗಿಲು ಅನ್ನೋದು ಅವಳಿಗೆ ನಿಜಕ್ಕೂ ಕೇಳಿ ಗೊತ್ತಿರುವ ಸಂಗತಿಯೇ. ಆ ಗೊಣಗಾಟ ತಪ್ಪಲ್ಲ.

ತಕರಾರು ತಿಮ್ಮ:
ಶಭಾಷ್. ಆದರೆ ಕುಬ್ಜ?

ಕಾಲಗಣಕ:
ಕುಬ್ಜನಿಗೆ ನನ್ನ ಹತ್ತಿರ ಏನೂ ಇಲ್ಲ. ಸಾವಿರ ವರ್ಷ ಆಗಿತ್ತು, ಮರೆತಳು ಅನ್ನಬಹುದು. ಆದರೆ ಮನುಷ್ಯರಿಗೇ ಹೆದರಿ ಕೂತವಳು ಮನುಷ್ಯ ಹೇಗಿರುತ್ತಾನೆ ಅನ್ನೋದನ್ನು ಮರೀತಾಳಾ?

ಮಂಜಿನಕಾಡು:
ನನ್ನ ಪ್ರಕಾರ ಏಳೂ ಪುಸ್ತಕಗಳಲ್ಲಿ ನಿಜವಾಗಿ ಒಡೆದಿರುವ ಜಾಗ ಇದೊಂದೇ. ಉಳಿದದ್ದಕ್ಕೆಲ್ಲ ಏನೋ ಒಂದು ಸಮಾಧಾನ ಹೇಳಬಹುದು.

ರಾತ್ರಿಓದು:
ಮಾಟಗಾತಿ 'ನೆಫ್ಯೂ'ವಿನಲ್ಲಿ ಮಾಯದ ಸೇಬು ತಿಂದು ಸಾವಿಲ್ಲದವಳಾದಳು, ಆದರೂ ಅಸ್ಲಾನ್ ಹೇಗೆ ಕೊಂದ ಅಂತ ಕೆಲವರು ಕೇಳುತ್ತಾರೆ. ಅದು ಪ್ರಶ್ನೆಯೇ ಅಲ್ಲ. ಸೇಬು ಕೊಟ್ಟದ್ದು ಮುಪ್ಪಿಲ್ಲದ ಆಯುಸ್ಸು, ಯಾರೂ ಕೊಲ್ಲಲಾಗದ ಮೈ ಅಲ್ಲ.

ನನಗೆ ಕಾಡೋದು ಇನ್ನೊಂದು ಮರ. ಅವಳನ್ನು ದೂರ ಇಡಲಿ ಅಂತಲೇ ಡಿಗೊರಿ ನೆಟ್ಟ ಮರ ಇತ್ತಲ್ಲ. ಅದು ಇರುವ ತನಕ ಅವಳು ನಾರ್ನಿಯಾದ ಹತ್ತಿರ ಸುಳಿಯೋ ಹಾಗಿಲ್ಲ. 898ರಲ್ಲಿ ಬಂದಳು ಅಂದರೆ ಮರ ಹೋಯಿತು ಅಂತ ಲೆಕ್ಕ. ಹೇಗೆ ಹೋಯಿತು, ಕಡಿದವರು ಯಾರು, ಯಾವ ಪುಸ್ತಕದಲ್ಲೂ ಇಲ್ಲ. ಎಂಟನೇ ಪುಸ್ತಕ ಅಂತ ಇದ್ದಿದ್ದರೆ ಅದರ ಕಥೆ ಇದೇ ಆಗಬೇಕಿತ್ತು.

ಹಳೇ ಬೀರು:
ಕಾಲದ ವಿಷಯ ಯಾರೂ ಎತ್ತಲಿಲ್ಲ ಯಾಕೆ? ಅಲ್ಲಿನ ಒಂದು ವರ್ಷಕ್ಕೆ ಇಲ್ಲಿ ಎಷ್ಟು ಅಂತ ಒಂದು ಸೂತ್ರ ಹುಡುಕೋಕೆ ಹೋಗಿ ತಲೆ ಕೆಟ್ಟುಹೋಯಿತು.

ಕಾಲಗಣಕ:
ಸೂತ್ರ ಇಲ್ಲ, ಹುಡುಕಬೇಡಿ. ಅದೇ ಪಟ್ಟಿಯ ಇಸವಿಗಳನ್ನೇ ನೋಡಿ. 1900ರಿಂದ 1940, ನಮ್ಮ ನಲವತ್ತು ವರ್ಷಕ್ಕೆ ಅಲ್ಲಿ ಸಾವಿರ. ಅಂದರೆ ವರ್ಷಕ್ಕೆ ಇಪ್ಪತ್ತೈದು. ನಾಲ್ಕು ಮಕ್ಕಳು ಹದಿನೈದು ವರ್ಷ ಆಳಿ ವಾಪಸು ಬಂದರೆ ಇಲ್ಲಿ ಒಂದು ನಿಮಿಷವೂ ಕಳೆದಿಲ್ಲ. ಅವರು ಅಲ್ಲಿಂದ ಮಾಯವಾದದ್ದು 1015ರಲ್ಲಿ. ಮರುವರ್ಷ, 1941ರಲ್ಲಿ ರೈಲ್ವೆ ಸ್ಟೇಷನ್ನಿನಿಂದ ಎಳೆದುಕೊಂಡು 'ಕ್ಯಾಸ್ಪಿಯನ್' ಕಥೆಗೆ ಹೋದರೆ ಅಲ್ಲಿ 2303. ಒಂದೇ ವರ್ಷದಲ್ಲಿ 1288 ವರ್ಷ! ಅದರ ಮುಂದಿನ ವರ್ಷ 'ಡಾನ್ ಟ್ರೆಡರ್'ಗೆ ಹೋದರೆ ಬರೀ ಮೂರು ವರ್ಷ ಕಳೆದಿದೆ, ಕ್ಯಾಸ್ಪಿಯನ್ ಇನ್ನೂ ಹರೆಯದವನು. ಅದೇ 1942ರಲ್ಲಿ, ಕೆಲವೇ ತಿಂಗಳಾದ ಮೇಲೆ 'ಸಿಲ್ವರ್ ಚೇರ್'. ಅಲ್ಲಿ ಐವತ್ತು ವರ್ಷ ಉರುಳಿ ಕ್ಯಾಸ್ಪಿಯನ್ ಮುದುಕ. ಕೊನೆಯ ಪುಸ್ತಕ ನಮ್ಮ 1949, ಅಲ್ಲಿನ 2555.

ಇದನ್ನು ತಪ್ಪು ಅನ್ನೋಕೆ ಆಗಲ್ಲ. ಆ ಲೋಕಕ್ಕೆ ಅದರದ್ದೇ ಕಾಲ ಇದ್ದರೆ ಆಶ್ಚರ್ಯ ಇಲ್ಲ ಅಂತ ಆ ಬೀರು ಇದ್ದ ಮನೆಯ ಪ್ರೊಫೆಸರ್ ಮೊದಲ ಪುಸ್ತಕದಲ್ಲೇ ಹೇಳಿಬಿಟ್ಟಿದ್ದಾರೆ. ಒಂದಕ್ಕೊಂದು ತಾಳೆ ಆಗೋದಿಲ್ಲ ಅನ್ನೋದೇ ಅಲ್ಲಿನ ನಿಯಮ. ನಿಯಮ ಮುರಿದಿದ್ದರೆ ತಪ್ಪು.

ಹಳೇ ಬೀರು:
ಆಹಾ, ಲೇಖಕರಿಗೆ ಎಷ್ಟು ಅನುಕೂಲದ ನಿಯಮ.

ಅಜ್ಜಿಕಥೆ:
ಅನುಕೂಲ ಇರಲಿ ಬಿಡಿ, ಅದರಿಂದ ಎಂಥ ಜಾಗ ಸಿಕ್ಕಿದೆ ನೋಡಿ. 'ಕ್ಯಾಸ್ಪಿಯನ್'ನ ಶುರುವಿನಲ್ಲಿ ನಾಲ್ಕೂ ಜನ ಪಾಳುಬಿದ್ದ ಕೋಟೆಯಲ್ಲಿ ಓಡಾಡುತ್ತಾರೆ. ಗೋಡೆಗಳ ನಡುವೆ ಮರ ಬೆಳೆದಿದೆ. ಸೂಸನ್ ಕಾಲಿಗೆ ಚೆಸ್ಸಿನ ಒಂದು ಚಿನ್ನದ ಕುದುರೆ ಸಿಗುತ್ತದೆ, ಕಣ್ಣಿಗೆ ಮಾಣಿಕ್ಯ ಕೂರಿಸಿದ್ದು. ಅವರೇ ಆಡುತ್ತಿದ್ದ ಕಾಯಿ ಅದು. ಇದು ತಮ್ಮದೇ ಮನೆ ಅಂತ ಆಗ ಗೊತ್ತಾಗುತ್ತದೆ. ಗಡಿಯಾರ ಸರಿಯಾಗಿ ಓಡುವ ಲೋಕದಲ್ಲಿ ಈ ಪುಟ ಹುಟ್ಟುತ್ತಲೇ ಇರಲಿಲ್ಲ.

ಹಳೇ ಬೀರು:
ಕ್ರಿಸ್‌ಮಸ್ ತಾತನ ಬಗ್ಗೆಯೂ ಹೇಳಿಬಿಡಿ. ಕ್ರಿಸ್ತ ಹುಟ್ಟದ ಲೋಕದಲ್ಲಿ ಕ್ರಿಸ್‌ಮಸ್ ಎಲ್ಲಿಂದ ಬಂತು?

ರಾತ್ರಿಓದು:
ಫ್ರ್ಯಾಂಕ್ ಮತ್ತು ಹೆಲೆನ್ ತಂದರು! ಲಂಡನ್ನಿನ ಗಾಡಿಯವನು, ಭಕ್ತಿಗೀತೆ ಹಾಡುತ್ತಿದ್ದವನು. ಹಬ್ಬ ಮಾಡದೇ ಇರುತ್ತಿದ್ದನೇ?

ಪುಸ್ತಕಹುಳು:
ಗೆಳೆಯ ರೋಜರ್ ಲ್ಯಾನ್ಸ್‌ಲಿನ್ ಗ್ರೀನ್ ಆ ತಾತನನ್ನು ತೆಗೆದುಹಾಕಿ ಅಂತ ಆಗಲೇ ಹೇಳಿದ್ದರು. ಇನ್ನೊಬ್ಬ ಗೆಳೆಯ, ಲೇಖಕ ಟೋಲ್ಕಿನ್ ಅವರಿಗಂತೂ ಇಡೀ ಪುಸ್ತಕವೇ ಹಿಡಿಸಲಿಲ್ಲ. ಆದರೂ ಲೂಯಿಸ್ ತೆಗೆಯಲಿಲ್ಲ.

2008ರಲ್ಲಿ ಮೈಕಲ್ ವಾರ್ಡ್ 'ಪ್ಲಾನೆಟ್ ನಾರ್ನಿಯಾ' ಅನ್ನೋ ಪುಸ್ತಕ ಬರೆದರು. ಹಳೇ ಕಾಲದ ಏಳು ಗ್ರಹಗಳಿಗೆ ಏಳು ಪುಸ್ತಕ ಅನ್ನೋದು ಅವರ ವಾದ. 'ವಾರ್ಡ್‌ರೋಬ್' ಗುರುವಿನದು, 'ಕ್ಯಾಸ್ಪಿಯನ್' ಮಂಗಳನದು, 'ಡಾನ್ ಟ್ರೆಡರ್' ಸೂರ್ಯನದು, ಹೀಗೆ. ಗುರು ಅಂದರೆ ಚಳಿ ಕಳೆದು ಬರುವ ಸಂಭ್ರಮ, ಕೆಂಪು ಗಲ್ಲದ ನಗುವ ರಾಜ. ಹಾಗಾದರೆ ಕ್ರಿಸ್‌ಮಸ್ ತಾತ ದಾರಿ ತಪ್ಪಿ ಬಂದವನಲ್ಲ, ಆ ಪುಸ್ತಕದ ಬಣ್ಣವೇ ಅವನು. ನನಗೆ ಪೂರ್ತಿ ನಂಬಿಕೆ ಇಲ್ಲ. ಲೂಯಿಸ್ ತಮ್ಮ ಜೀವಮಾನದಲ್ಲಿ ಇಂಥ ಯೋಜನೆಯ ಬಗ್ಗೆ ಬಾಯಿಬಿಟ್ಟವರಲ್ಲ. ಆದರೆ ಓದಲು ಭಾರೀ ಮಜಾ ಇದೆ.

ತಿಮ್ಮ ಅವರಿಗೆ ಒಂದು ಸುದ್ದಿ. ಪಫಿನ್ ಅನ್ನೋ ಮಕ್ಕಳ ಪುಸ್ತಕ ಪ್ರಕಾಶನದ ಸಂಪಾದಕಿ ಕೇ ವೆಬ್ ಲೂಯಿಸ್ ಅವರನ್ನು ಕಾಣಲು ಹೋಗಿದ್ದಾಗ, ತಾಳೆಯಾಗದ ಕಡೆಗಳನ್ನೆಲ್ಲ ಸರಿಮಾಡಿ ಪುಸ್ತಕಗಳನ್ನು ತಿದ್ದಿಕೊಡುತ್ತೇನೆ ಅಂತ ಅವರು ಮಾತು ಕೊಟ್ಟಿದ್ದರು. ಅದಾಗಿ ಎರಡೇ ದಿನಕ್ಕೆ, 1963ರ ನವೆಂಬರ್ 22ರಂದು ತೀರಿಕೊಂಡರು.

ತಕರಾರು ತಿಮ್ಮ:
ಅಂದರೆ ಅವರಿಗೂ ಗೊತ್ತಿತ್ತು. ನನ್ನ ತಕರಾರು ಲೇಖಕರೇ ಒಪ್ಪಿಕೊಂಡ ತಕರಾರು ಅಂತ ಆಯಿತು!

ಆದರೂ ಒಂದು ಮಾತು. ತಿದ್ದಿದ್ದರೆ ಆ 'ಬೆಳೆದ ಕುಬ್ಜ'ನ ಸಾಲು ಹೋಗುತ್ತಿತ್ತು. ಎಡ್ಮಂಡ್ ಜಾರುಬಂಡಿಯ ಎದುರು ಬಾಯಿಬಿಟ್ಟು ನಿಂತಿರೋದು, ಅವಳು ಮೇಲಿಂದ ಕೆಳಗೆ ಅಳೆಯೋದು, ಇವನು 'ನನಗೆ ಗಡ್ಡವೇ ಬಂದಿಲ್ಲ, ನಾನು ಹುಡುಗ' ಅನ್ನೋದು. ನಗೂನೂ ಬರುತ್ತೆ, ಭಯಾನೂ ಆಗುತ್ತೆ. ಅದನ್ನು ತೆಗೆದು ಸರಿಮಾಡಿದ ಪುಸ್ತಕ ನನಗೆ ಬೇಡ.

ಹಳೇ ಬೀರು:
ಇನ್ನೊಂದು ಸಣ್ಣ ಡೌಟು. ರಾತ್ರಿಓದು ತೋಳದ ಹೆಸರು ಮಾಗ್ರಿಮ್ ಅಂದರು. ನನ್ನ ಹತ್ತಿರ ಇರುವ ಹಳೇ ಪ್ರತಿಯಲ್ಲಿ ಫೆನ್ರಿಸ್ ಉಲ್ಫ್ ಅಂತ ಇದೆ. ಇದೂ ಲೇಖಕರ ಮರೆವೇನಾ?

ಪುಸ್ತಕಹುಳು:
ಅಲ್ಲ, ಅದು ಅವರೇ ಬೇಕಂತ ಮಾಡಿದ್ದು. ನಿಮ್ಮದು ಅಮೆರಿಕನ್ ಮುದ್ರಣ. ಅಲ್ಲಿನ ಅಚ್ಚಿಗೆ ಕೊಡುವಾಗ ಲೂಯಿಸ್ ಕೆಲವು ಕಡೆ ಬದಲಾಯಿಸಿದರು. ಸ್ಕ್ಯಾಂಡಿನೇವಿಯದ ಪುರಾಣದ ತೋಳದ ಹೆಸರು ಅದು. 1994ರಲ್ಲಿ ಹಾರ್ಪರ್‌ಕಾಲಿನ್ಸ್ ಎಲ್ಲ ಕಡೆಗೂ ಒಂದೇ ಪಾಠ ಮಾಡಿದಾಗ ಮಾಗ್ರಿಮ್ ವಾಪಸು ಬಂದ. ಪುಸ್ತಕಗಳಿಗೆ 'ನೆಫ್ಯೂ'ವಿನಿಂದ ಶುರುವಾಗುವ ಹೊಸ ಕ್ರಮಸಂಖ್ಯೆ ಹಾಕಿದ್ದೂ ಆಗಲೇ.

ನಿಮ್ಮ ಪ್ರತಿಯಲ್ಲಿ 'ಡಾನ್ ಟ್ರೆಡರ್' ಕೂಡ ಇದ್ದರೆ ಕತ್ತಲ ದ್ವೀಪದ ಅಧ್ಯಾಯದ ಕೊನೆ ತೆಗೆದು ನೋಡಿ, ಅಲ್ಲೂ ಬದಲಾವಣೆ ಇದೆ. ಎರಡೂ ಪಾಠ ಪಕ್ಕಪಕ್ಕ ಇಟ್ಟುಕೊಂಡು ಯಾವುದು ಚೆನ್ನಾಗಿದೆ ಹೇಳಿ.